ಪೂಜೆ ದಿನ ಸ್ವಾಗತ, ಆರು ತಿಂಗಳಿಗೆ ಚರಂಡಿ!

ಹೊಸ ಅಂಗಡಿ ಬಾಗಿಲು ತೆರೆಯುವ ದಿನದ ವೈಭವ ನೋಡಬೇಕು. ಬಾಳೆಕಂಬ, ಮಾವಿನ ತೋರಣ, ಬಾಗಿಲ ಎರಡೂ ಕಡೆ ಹಸಿರು ಚಿಮ್ಮುವ ಕುಂಡಗಳು. ದೊಡ್ಡ ಮನುಷ್ಯರು ಬಂದು ರಿಬ್ಬನ್ನಿಗೆ ಕತ್ತರಿ ಹಾಕ್ತಾರೆ, ಫೋಟೋ ಆಗುತ್ತೆ. ಆರು ತಿಂಗಳು ಬಿಟ್ಟು ಅದೇ ಬೀದೀಲಿ ಬೆಳಿಗ್ಗೆ ನಡೆದು ನೋಡಿ. ಅದೇ ಕುಂಡಗಳು ಚರಂಡಿ ಪಕ್ಕ ಮಗುಚಿ ಬಿದ್ದಿರುತ್ತವೆ. ಅವತ್ತು ಅತಿಥಿ, ಇವತ್ತು ಅನಾಥ!

‘ಒಣಗಿದ ಗಿಡ ಎಸೆದರೆ ಯಾರಪ್ಪನ ಗಂಟು ಹೋಯ್ತು?’ ಅಂತ ಕೇಳೋರಿದ್ದಾರೆ. ಹೋಗೋದು ಊರಿನ ಗಂಟೇ ಸ್ವಾಮಿ. ಮಣ್ಣು ತುಂಬಿದ ಕುಂಡವನ್ನು ಹಸಿಕಸದ ಜತೆ ಹಾಕಿದರೆ ಪೌರಕಾರ್ಮಿಕರಿಗೆ ಬೆನ್ನು ಮುರಿಯುವ ಭಾರ. ಹಾಕದೆ ಬಿಟ್ಟರೆ ಪ್ಲಾಸ್ಟಿಕ್ ಕುಂಡ ಉರುಳಿ ಹೋಗಿ ಚರಂಡಿಯ ಬಾಯಿ ಕಟ್ಟುತ್ತದೆ. ಖಾಲಿ ಕುಂಡ, ತಟ್ಟೆಗಳಲ್ಲಿ ಮಳೆನೀರು ನಿಂತರಂತೂ ಮುಗೀತು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದೇ ಇಂಥ ಜಾಗ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು. ನೀರು ಆರಿದರೂ ತಟ್ಟೆಯ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಸಾಯದೆ ಕಾಯುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿದ್ದು ಸುಮ್ಮನೆ ಅಲ್ಲ.

ಇನ್ನು ಕೆಲವರು ಬಲು ಜಾಣರು. ರಾತ್ರಿ ಹೊತ್ತು ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ಕೆರೆ ಏರಿಯ ಹಿಂದೆ ಸುರಿದು ಬರ್ತಾರೆ. ಕೆರೆ ತುಂಬಾ ಹಬ್ಬಿ ನೀರು ಕಾಣದಂತೆ ಮಾಡಿರುವ ಅಂತರಗಂಗೆಯೂ, ಬಂಡೀಪುರದ ಕಾಡನ್ನು ನುಂಗುತ್ತಿರುವ ಲಂಟಾನವೂ ಹೊರದೇಶದಿಂದ ಚೆಂದಕ್ಕೆ ಅಂತ ಬಂದ ಗಿಡಗಳೇ ಅನ್ನೋದು ಅವರಿಗೆ ನೆನಪಿರಲಿ.

ಆದರೆ ಎಸೆದ ಗಿಡವೆಲ್ಲ ಸತ್ತ ಗಿಡವಲ್ಲ. ಬಸ್‌ಸ್ಟ್ಯಾಂಡ್ ಹಿಂದಿನ ಸೈಕಲ್ ಶಾಪಿನ ಯಜಮಾನರೊಬ್ಬರ ಮುಂಗಟ್ಟು ಇದಕ್ಕೆ ಸಾಕ್ಷಿ. ಅಲ್ಲಿ ಹಳೇ ಗ್ರೀಸ್ ಡಬ್ಬ, ಒಡೆದ ಬಕೆಟ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡ ನಗುತ್ತಿವೆ. ಒಂದನ್ನೂ ಕಾಸು ಕೊಟ್ಟು ತಂದದ್ದಲ್ಲ, ಎಲ್ಲ ತಿಪ್ಪೆಯಿಂದ ಎತ್ತಿದ್ದು. ‘ಪಂಕ್ಚರ್ ಆಯ್ತು ಅಂತ ಸೈಕಲ್ ಬಿಸಾಕ್ತಾರಾ?’ ಅನ್ನೋದು ಅವರ ಪ್ರಶ್ನೆ. ಉತ್ತರ ಯಾರ ಹತ್ತಿರ ಇದೆ?

ಅವರ ರಿಪೇರಿ ವಿದ್ಯೆಯಲ್ಲಿ ಗುಟ್ಟೇನಿಲ್ಲ. ಕಾಂಡವನ್ನು ಉಗುರಿನಿಂದ ಕೆರೆದು ನೋಡೋದು. ಒಳಗೆ ಹಸಿರಿದ್ದರೆ ಜೀವ ಇದೆ. ಕುಂಡದಿಂದ ಬಿಡಿಸಿ ಬೇರು ನೋಡೋದು. ಗಟ್ಟಿಯಾಗಿದ್ದರೆ ಸರಿ, ಕಂದಾಗಿ ಮೆತ್ತಗೆ ಕೊಳೆತಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯೋದು. ಕೆಂಪುಮಣ್ಣು, ಮಾಗಿದ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ, ತಳಕ್ಕೆ ತೂತಿರುವ ಡಬ್ಬದಲ್ಲಿ ನೆಡೋದು. ತಂದ ದಿನವೇ ಉರಿಬಿಸಿಲಿಗೆ ಇಡಬಾರದು. ಚಿಗುರು ಬರೋ ತನಕ ಬೇರೆ ಗೊಬ್ಬರವೂ ಬೇಡ. ಎಲೆ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಎರಡು ವಾರ ಉಳಿದ ಗಿಡಗಳಿಂದ ದೂರ ಇಡೋದು.

ಅಂಗಡಿಯವರು ಕೇಳಬೇಕಾದ ಮಾತು ಇನ್ನೊಂದಿದೆ. ಕುಂಡದ ಗಿಡ ಸಾಯೋದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ! ಬೆಳಕಿಲ್ಲದ ಮೂಲೇಲಿ ಇಟ್ಟು ದಿನಾ ಬೆಳಿಗ್ಗೆ ಚೊಂಬು ನೀರು ಸುರಿದರೆ ಬೇರು ಕೊಳೆಯದೆ ಇನ್ನೇನಾಗುತ್ತೆ? ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಮನಿಪ್ಲಾಂಟ್ ಪೂರ್ತಿ ಸೊರಗಿದ್ದರೂ ಗೆಣ್ಣಿರುವ ಒಂದು ತುಂಡು ನೀರಿನ ಬಾಟಲಿಯಲ್ಲಿಟ್ಟರೆ ಎರಡು ಮೂರು ವಾರಕ್ಕೆ ಬೇರು ಬಿಡುತ್ತದೆ. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸೋದು ಮಾತ್ರ ಮರೆಯಬೇಡಿ, ಬಾಟಲಿಯೂ ಸೊಳ್ಳೆಗೆ ತೊಟ್ಟಿಲೇ. ಆದರೆ ಈ ಮನಿಪ್ಲಾಂಟ್, ಡಿಫೆನ್‌ಬಾಕಿಯಾ ಎಲೆಗಳನ್ನು ಮಕ್ಕಳು ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಕೈಗೆಟುಕದ ಕಡೆ ಇಡಬೇಕು.

ಈಗ ನಗರಸಭೆಯ ಮಹನೀಯರ ಸರದಿ. ತೋಟದ ಕಸವನ್ನು ಬೇರೆಯಾಗಿ ಇಡಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳೇ ಹೇಳಿದವು. ಕಾಗದದ ಮೇಲಿನ ಮಾತು ಬೀದಿಗೆ ಬಂತೇ? ಇವರೇನೂ ಕೋಟಿಗಟ್ಟಲೆ ಖರ್ಚು ಮಾಡಬೇಕಾಗಿಲ್ಲ. ಊರಿನ ಪಾರ್ಕಿನ ಒಂದು ಮೂಲೆ, ಮೇಲೊಂದು ನೆರಳು ಪರದೆ, ‘ಬೇಡವಾದ ಗಿಡ ಇಲ್ಲಿಡಿ, ಬೇಕಾದವರು ಒಯ್ಯಿರಿ’ ಅಂತ ಒಂದು ಬೋರ್ಡು. ಅಷ್ಟೇ.

ಅಲ್ಲಿಯವರೆಗೆ ಅಂಗಡಿಯವರು ಸುಮ್ಮನೆ ಕೂರಬೇಕಿಲ್ಲ. ಬೇಡದ ಕುಂಡವನ್ನು ಚರಂಡಿಗೆ ತಳ್ಳುವ ಬದಲು ಸಂಜೆ ಮೆಟ್ಟಿಲ ಮೇಲಿಟ್ಟು, ‘ಬೇಕಾದವರು ತಗೊಳ್ಳಿ’ ಅಂತ ಒಂದು ಚೀಟಿ ಅಂಟಿಸಲಿ. ಹಳ್ಳಿ ಬಸ್ಸಿಗೆ ಕಾಯುವವರಲ್ಲಿ ಯಾರಾದರೂ ಒಬ್ಬರು ತೊಡೆ ಮೇಲಿಟ್ಟುಕೊಂಡು ಒಯ್ಯುತ್ತಾರೆ. ಪೂಜೆ ದಿನ ಗಿರಾಕಿಗಳನ್ನು ಸ್ವಾಗತಿಸಿದ ಗಿಡ ಅದು. ಹೋಗುವಾಗ ಅದಕ್ಕೂ ಒಂದು ಮರ್ಯಾದೆ ಬೇಡವೇ?