ಬೀಗದಕೈ ಕೊಟ್ಟವನನ್ನು ಕೇಳೋರು ಯಾರು?

ಫ್ರಾನ್ಸಿನ ಷಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ‘ನೀಲಿಗಡ್ಡ’ದ ಕತೆ ಇದು. ಅವನೊಬ್ಬ ದೊಡ್ಡ ಸಾಹುಕಾರ. ಮನೆಯ ಬೀಗದಕೈಗಳನ್ನೆಲ್ಲ ಹೊಸ ಹೆಂಡತಿಗೆ ಕೊಟ್ಟು, ಒಂದು ಕೋಣೆ ಮಾತ್ರ ತೆಗೀಬೇಡ ಅಂದು ಪರಸ್ಥಳಕ್ಕೆ ಹೋಗ್ತಾನೆ. ಅವಳು ತೆಗೀತಾಳೆ. ಒಳಗೆ ಹಿಂದಿನ ಹೆಂಡಿರ ಹೆಣಗಳು! ಬೀಗದಕೈಗೆ ಅಂಟಿದ ರಕ್ತ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕೊನೆಗೆ ಅಣ್ಣತಮ್ಮಂದಿರು ಬಂದು ಅವನನ್ನು ಕೊಂದು ಅವಳನ್ನು ಉಳಿಸುತ್ತಾರೆ.

ಇಷ್ಟಾದ ಮೇಲೆ ಪೆರೋ ಹೇಳುವ ನೀತಿ ಏನು? ಹೆಂಗಸರ ಕುತೂಹಲ ಕೆಟ್ಟದ್ದಂತೆ! ಕೊಂದವನ ಮಾತಿಲ್ಲ, ಬಾಗಿಲು ತೆಗೆದವಳದ್ದೇ ತಪ್ಪು. ಅದರ ಕೆಳಗೇ ಇನ್ನೊಂದು ನೀತಿ: ಇದು ಹಳೇ ಕಾಲದ ಕತೆ, ಈಗ ಅಂಥ ಗಂಡಂದಿರಿಲ್ಲ ಅಂತ. ‘ಈಗೆಲ್ಲಿದೆ ಅದೆಲ್ಲ’ ಅನ್ನೋ ಈ ಮಾತನ್ನು ನಾವು ಬೇರೆ ವಿಷಯದಲ್ಲೂ ಬೇಕಾದಷ್ಟು ಕೇಳಿದ್ದೇವೆ ಬಿಡಿ.

ಇಂಗ್ಲೆಂಡಿನ ಏಂಜೆಲಾ ಕಾರ್ಟರ್ 1979ರ ‘ದಿ ಬ್ಲಡಿ ಚೇಂಬರ್’ನಲ್ಲಿ ಈ ಕತೆಯನ್ನು ತಿರುವಿ ಬರೆದರು. ಅಲ್ಲಿ ಹುಡುಗಿಯೇ ತನ್ನ ಕತೆ ಹೇಳುತ್ತಾಳೆ. ಬಾಗಿಲು ತೆಗೀಲಿ ಅಂತಲೇ ಅವನು ಬೀಗದಕೈ ಕೊಟ್ಟಿದ್ದ, ಅದು ಬಲೆ. ಬಿಡಿಸಲು ಬರುವವರು ಅಣ್ಣತಮ್ಮಂದಿರಲ್ಲ. ಫೋನಿನಲ್ಲಿ ಮಗಳ ಅಳು ಕೇಳಿದ್ದೇ ತಡ, ಸತ್ತ ಗಂಡನ ಪಿಸ್ತೂಲು ಹಿಡಿದು ಹೊರಟ ತಾಯಿ, ಕುದುರೆ ಮೇಲೆ ಬಂದು ಅಳಿಯನಿಗೆ ಗುಂಡು ಹೊಡೆಯುತ್ತಾಳೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅಂತ ಮನೇಲಿ ಕೂರಲಿಲ್ಲ ಅವಳು. ನಮಗೆ ಹಿಡಿಸಿದ್ದು ಇದೇ.

ಆದರೂ ಒಂದು ಕೇಳಬೇಕು. ಆ ಕೋಟೆಯ ನೆಲ ಒರೆಸಿದ ಆಳುಗಳು ಏನು ಕಂಡಿದ್ದರು? ಅವರ ಬಾಯಿಂದ ಈ ಕತೆಯನ್ನು ನಾವಿನ್ನೂ ಕೇಳಿಲ್ಲ.