ಹೊಸೂರಿನ ಗಾಳವೂ ಬೆಂಗಳೂರಿನ ನೊರೆಯೂ

ಮೀನು ಹೆಚ್ಚು ಸಿಗಬೇಕಾದರೆ ಗಾಳ ಒಳ್ಳೆಯದಿರಬೇಕೆಂಬುದು ಅರ್ಧ ಸತ್ಯ. ಉಳಿದರ್ಧ ನೀರಿಗೆ ಸೇರಿದ್ದು. ಇದನ್ನು ತಿಳಿಯಬೇಕಾದವರು ಹೊಸೂರು, ಕೃಷ್ಣಗಿರಿ ಕಡೆಯ ಕೆರೆ ಅಣೆಕಟ್ಟುಗಳ ದಂಡೆಯಲ್ಲಿ ಒಂದು ದಿನ ಕುಳಿತರೆ ಸಾಕು.

ಆ ಸೀಮೆ ನಮಗೆ ತೀರ ಪರಕೀಯವೇನಲ್ಲ. 1956ರ ನವೆಂಬರ 1ರಂದು ನಾವು ಕೇರಳಕ್ಕೆ ಸೇರಿದೆವು; ಅಂದಿನ ಸೇಲಂ ಜಿಲ್ಲೆಯ ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಕನ್ನಡಿಗರು ಮದರಾಸು ರಾಜ್ಯದಲ್ಲೇ ಉಳಿದರು. 2004ರಿಂದ ಅವರದು ಕೃಷ್ಣಗಿರಿ ಜಿಲ್ಲೆ. ಅಲ್ಲಿನ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮೀನಿನ ಹೆಸರನ್ನೇ ನೋಡಿ: ಕನ್ನಡದ ಕೊರವ, ತೆಲುಗಿನ ಕೊರ್ರಮೀನು, ತಮಿಳಿನ ವಿರಾಲ್, ನಮ್ಮ ನೆರೆಯ ಮಲಯಾಳದ ವರಾಲ್ ಎಲ್ಲವೂ ಒಂದೇ. ಭೂತಾಯಿ, ಬಂಗುಡೆಯ ರುಚಿ ಕಂಡ ನಮಗೆ ಕೆರೆಮೀನು ಸಪ್ಪೆ ಎನಿಸುವುದುಂಟು. ಒಳ್ಳೆಯ ಕೊರವ ತಿಂದವರು ಹಾಗೆನ್ನಲಾರರು.

ಕೊರವವನ್ನು ಹಿಡಿಯುವ ಹಳೆಯ ಕ್ರಮ ಕಪ್ಪೆಗಾಳದ್ದು. ಉದ್ದ ಬಿದಿರಿನ ಗಳು, ಗಟ್ಟಿ ದಾರ, ಗಾಳಕ್ಕೆ ಚುಚ್ಚಿದ ಸಣ್ಣ ಕಪ್ಪೆ. ತಾವರೆ ಎಲೆಗಳ ಸಂದಿಯಲ್ಲಿ ಅದನ್ನು ನೀರ ಮೇಲೆ ಕುಪ್ಪಳಿಸುವಂತೆ ಆಡಿಸಿದರೆ ಅಡಿಯಿಂದ ಮೀನು ಎದ್ದು ಬಡಿಯುತ್ತದೆ. ಈಗ ಆ ಜಾಗಕ್ಕೆ ರಬ್ಬರಿನ ಕಪ್ಪೆ ಬಂದಿದೆ. ಅಮೆರಿಕದವರು ತಮ್ಮ ಕಳೆಗಟ್ಟಿದ ಸರೋವರಗಳಲ್ಲಿ ಬಾಸ್ ಎಂಬ ಮೀನಿಗಾಗಿ ಬಳಸುವ ಉಪಕರಣವಿದು. ಗಾಳದ ಮೊನೆಗಳು ಕಪ್ಪೆಯ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಅಮುಕಿದಾಗ ಮಾತ್ರ ಹೊರಬರುತ್ತವೆ. ಬಡಿದ ತಕ್ಷಣ ಎಳೆಯುವವನಿಗೆ ಮೀನಿಲ್ಲ. ಬಾಯೊಳಗೆ ಸೇರಲು ಒಂದೆರಡು ಕ್ಷಣ ಬಿಡಬೇಕು. ಜೀವಂತ ಕಪ್ಪೆಯನ್ನು ಚುಚ್ಚುವ ಕೆಲಸ ತಪ್ಪಿತಲ್ಲ, ಅದೊಂದು ಲಾಭ. ಕಪ್ಪೆಕಾಲಿನ ರಫ್ತನ್ನೇ 1987ರಲ್ಲಿ ನಿಲ್ಲಿಸಿದ ದೇಶ ನಮ್ಮದು.

ಗೆಂಡೆ ಜಾತಿಯ ಮೀನಿಗೆ ಬೇರೆಯೇ ಲೆಕ್ಕ. ಮೀನಿನ ಬಾಯಿ ನೋಡಿ ಗಾಳದ ಆಳ ನಿಶ್ಚಯಿಸಬೇಕು. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ; ಆದುದರಿಂದ ಬೆಂಡಿನಿಂದ ಗಾಳ ಬಹಳ ಕೆಳಗೆ ಇಳಿಯಬಾರದು. ಮೃಗಾಲಿನ ಬಾಯಿ ಕೆಳಮುಖ, ಅದಕ್ಕೆ ಸೀಸದ ಗುಂಡು ಕಟ್ಟಿ ತಳಕ್ಕೇ ಇಳಿಸಬೇಕು. ರೋಹು ಇವೆರಡರ ನಡುವಿನದು. ಐದಾರು ಗಾಳಗಳ ಗೊಂಚಲಿನ ನಡುವೆ ತೌಡಿನ ಉಂಡೆ ಕಟ್ಟುವವರಿದ್ದಾರೆ. ರಾಗಿ ಬೆಳೆಯುವ ಆ ನಾಡಿನಲ್ಲಿ ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆಗಿಂತ ಒಳ್ಳೆಯ ಎರೆ ಕಾಣೆ: ನೀರಿನಲ್ಲಿ ಬೇಗ ಕರಗದು, ಕಾಸೂ ಹೆಚ್ಚಿಲ್ಲ. ಕಾವೇರಿಯ ಮಹಶೀರಿಗೂ ಹಿಂದಿನವರು ಇದನ್ನೇ ಹಾಕುತ್ತಿದ್ದರು. ಆ ಮೀನಿನ ಆಸೆ ಈಗ ಬೇಡ. ಕಾವೇರಿಯ ಡುಬ್ಬದ ಮಹಶೀರು ಅಳಿವಿನಂಚಿನಲ್ಲಿದೆಯೆಂದು 2018ರಲ್ಲಿ ಘೋಷಿತವಾಗಿದೆ, ಹೊಸೂರು ಕಡೆಯ ಕಾಡು 2014ರಿಂದ ಕಾವೇರಿ ಉತ್ತರ ವನ್ಯಧಾಮ.

ಇನ್ನೊಂದು ಮಾತನ್ನು ಖಂಡಿತವಾಗಿ ಹೇಳಬೇಕು. ಮಳೆಗಾಲದಲ್ಲಿ ಕೆರೆಯ ಮೇಲೆ ಕೆಂಪಾದ ಮರಿಗಳ ಗುಂಪು ಉಸಿರಿಗಾಗಿ ಮೇಲೆದ್ದು ಮುಳುಗುತ್ತಿದ್ದರೆ ಅದರ ಕೆಳಗೆ ತಾಯಿ ತಂದೆ ಕೊರವಗಳು ಕಾವಲಿರುತ್ತವೆ. ಆ ಗುಂಪಿನ ಮೇಲೆ ಗಾಳ ಬಿಟ್ಟರೆ ದೊಡ್ಡ ಮೀನು ಸಿಗುವುದು ನಿಶ್ಚಯ, ಏಕೆಂದರೆ ಅದು ಹಸಿವಿನಿಂದಲ್ಲ, ಮಕ್ಕಳನ್ನು ಕಾಯಲು ಕಚ್ಚುತ್ತದೆ. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ಇದನ್ನು ಜಾಣತನವೆಂದು ಹೇಳಿಕೊಂಡು ತಿರುಗುವವರಿಗೆ ನನ್ನ ಮರ್ಯಾದೆಯಿಲ್ಲ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನು ಬಡಿಯುವ ನಮ್ಮೂರಿನ ವೀರರೂ ಇದನ್ನು ತಮಗೆ ಹೇಳಿದ್ದೆಂದೇ ತಿಳಿಯಬಹುದು.

ಇಷ್ಟೆಲ್ಲ ಕಲಿತ ಗಾಳಗಾರನಿಗೂ ಬುಟ್ಟಿ ತುಂಬದಿದ್ದರೆ? ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಪೂರ್ವಕ್ಕೆ ಹರಿದು, ಗಡಿ ದಾಟಿ, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿಂದ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟಿಗೆ. ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ಸೇರುವುದು ಈ ನದಿಗೇ. ಬೆಳ್ಳಂದೂರು ಕೆರೆಗೆ 2015ರಲ್ಲೂ 2017ರಲ್ಲೂ ಬೆಂಕಿ ಹತ್ತಿದ್ದನ್ನು ದೇಶವೇ ನೋಡಿತು. ಬಟ್ಟೆ ಪಾತ್ರೆ ತೊಳೆಯುವ ಸಾಬೂನು ಪುಡಿಯ ಅಂಶವಿರುವ ನೀರು ಅಣೆಕಟ್ಟಿನ ಬಾಗಿಲಿನಿಂದ ಧುಮುಕಿ ಕಡೆಯುವಾಗ ನೊರೆಯಾಗುತ್ತದೆ. ಕೆಲವರಪಳ್ಳಿಯಲ್ಲಿ ಆಳೆತ್ತರದ ನೊರೆ ಮಳೆಗಾಲದ ಸುದ್ದಿಯಾಗಿ ಹಳತಾಗಿಬಿಟ್ಟಿದೆ.

ಕೊಳಚೆ ನೀರಿನಲ್ಲಿ ಪ್ರಾಣವಾಯು ಕಡಿಮೆ. ಕಾಟ್ಲಾ, ರೋಹುಗಳಿಗೆ ಅದಿಲ್ಲದೆ ನಡೆಯದು. ಗಾಳಿ ಕುಡಿದು ಬದುಕಬಲ್ಲ ಆಫ್ರಿಕದ ಮುಗುಡು, ಎಂಥದಕ್ಕೂ ಒಗ್ಗುವ ಜಿಲೇಬಿ ಮೀನು ಇಂಥ ನೀರಿನಲ್ಲೂ ತಾಳುತ್ತವೆ. ಆ ಮುಗುಡಿನ ಸಾಕಣೆಯನ್ನು ಕೇಂದ್ರ ಸರಕಾರ ನಿಷೇಧಿಸಿ ಎರಡು ದಶಕ ಕಳೆದಿದೆ, ಮೀನಿಗೆ ಅದು ಗೊತ್ತಿಲ್ಲ. ಇವೆರಡೇ ಬುಟ್ಟಿಗೆ ಬೀಳತೊಡಗಿದರೆ ಯಾವ ವಿಲಾಯತಿ ಗಾಳವೂ ಕಾಟ್ಲಾವನ್ನು ತಂದುಕೊಡದು. ಕೃಷ್ಣಗಿರಿ ಅಣೆಕಟ್ಟಿನ ಬಳಿ ಮೀನು ಕರಿದು ಮಾರಿ ಸಂಸಾರ ನಡೆಸುವವರ ಪಾಡೂ ಈ ನೀರಿನಲ್ಲೇ ಇದೆ.

ಹೊಸೂರಿನ ಕಾರ್ಖಾನೆಗಳ ಪಾಲೇನೆಂದು ಕೇಳುವವರಿದ್ದಾರೆ. ಕೇಳತಕ್ಕದ್ದೇ. ಆದರೆ ನದಿ ಗಡಿ ದಾಟುವ ಮೊದಲೇ ಅದರ ಹೊಟ್ಟೆಯಲ್ಲಿ ನಮ್ಮ ಕನ್ನಡದ ರಾಜಧಾನಿಯ ಕೊಳಚೆ ಇರುತ್ತದೆಂಬುದು ಸುಳ್ಳಲ್ಲ. ಗಡಿನಾಡ ಕನ್ನಡಿಗರ ಬಗ್ಗೆ ವರ್ಷಕ್ಕೊಮ್ಮೆ ವೇದಿಕೆಯಲ್ಲಿ ಕಣ್ಣೀರಿಡುವ ಊರು, ವರ್ಷವಿಡೀ ಅವರಿಗೆ ಕಳುಹಿಸುವುದು ಇದನ್ನು. ಈ ನದಿಯಲ್ಲಿ ಎಷ್ಟು ನೀರೆಂಬ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಎಂಥ ನೀರೆಂಬುದಕ್ಕೆ ಅಷ್ಟು ಗದ್ದಲ ಕೇಳಿಸಲಿಲ್ಲ. ಆಗದ ಕೆಲಸವೆನ್ನುವ ಹಾಗೂ ಇಲ್ಲ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಏರಿಸಲಾಗುತ್ತಿದೆ. ಮೇಲಕ್ಕೆ ಹೋಗುವ ನೀರನ್ನು ತೊಳೆಯಬಲ್ಲವರು ಕೆಳಕ್ಕೆ ಹರಿಯುವುದನ್ನೂ ತೊಳೆಯಬಹುದು. ನದಿ ಗಡಿ ದಾಟುವ ಜಾಗದಲ್ಲಿ ನೀರನ್ನು ತಿಂಗಳಿಗೊಮ್ಮೆ ಎರಡೂ ಸರಕಾರಗಳವರು ಒಟ್ಟಿಗೆ ನಿಂತು ಪರೀಕ್ಷಿಸಿ, ಫಲಿತಾಂಶವನ್ನು ಕೆಲವರಪಳ್ಳಿಯ ದಂಡೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಹಲಗೆಗೆ ಬರೆದು ಹಾಕಲಿ. ಗಾಳ ಹಾಕುವ ಮೊದಲು ಜನ ಅದನ್ನು ಓದಿಕೊಳ್ಳುತ್ತಾರೆ.