ಏಳು ಭಾಷೆಯ ಊರಿಗೆ ಒಂದೇ ಭಾಷೆಯ ಬೋರ್ಡು

ಕಳೆದ ಭಾನುವಾರ ಬೆಳಿಗ್ಗೆ ಗೇಟಿನ ಎಡೆಯಲ್ಲಿ ಒಂದು ಕರಪತ್ರ ಸಿಕ್ಕಿಸಿ ಹೋಗಿದ್ದರು. ನಮ್ಮ ಬಡಾವಣೆಯ ರೆಸಿಡೆಂಟ್ಸ್ ಅಸೋಸಿಯೇಶನಿನದ್ದು. ಊರನ್ನು ಚಂದ ಮಾಡುವ ಅಭಿಯಾನವಂತೆ. ದಾರಿದೀಪ, ಚರಂಡಿ, ಕಸ, ರಸ್ತೆಗೆ ಇಂಟರ್‌ಲಾಕ್, ಬಡಾವಣೆಯ ಬಾಯಲ್ಲಿ ಒಂದು ಕಮಾನು, ಎಲ್ಲ ತಿರುವುಗಳಲ್ಲೂ ಹೊಸ ಹೆಸರಿನ ಬೋರ್ಡು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: ಸಪ್ತಭಾಷಾ ಸಂಗಮ ಭೂಮಿಯಾದ ಕಾಸರಗೋಡಿನ ಪರಂಪರೆಯನ್ನು ಗೌರವಿಸೋಣ!

ಓದಿ ಸಂತೋಷವಾಯಿತು. ಮತ್ತೆ ನಗು ಬಂತು. ಯಾಕೆಂದರೆ ಏಳು ಭಾಷೆಗಳನ್ನು ಹೊಗಳಿದ ಆ ಕರಪತ್ರ ಇದ್ದದ್ದು ಒಂದೇ ಭಾಷೆಯಲ್ಲಿ. ಮಲಯಾಳದಲ್ಲಿ. ಮಲಯಾಳ, ಕನ್ನಡ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಂದು ಏಳನ್ನೂ ಹೆಸರು ಹಿಡಿದು ಪಟ್ಟಿ ಮಾಡಿದ್ದರು, ಅದೂ ಮಲಯಾಳದಲ್ಲೇ. ಮದುವೆಗೆ ಏಳು ಮನೆಯವರನ್ನು ಕರೆದು ಒಂದೇ ಎಲೆ ಹಾಕಿದ ಹಾಗೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಈ ಅಸೋಸಿಯೇಶನಿನ ವಿರೋಧಿ ಅಲ್ಲ. ತಿಂಗಳ ವರಿ ತಪ್ಪದೆ ಕೊಡುವವನು. ಅವರು ಮಾಡಿದ ಕೆಲಸ ಕಣ್ಣೆದುರಿಗೆ ಇದೆ. ಮೊದಲು ಬಸ್‌ಸ್ಟಾಪಿನ ಹಿಂದೆ ಕಸದ ಗುಡ್ಡೆ ಇತ್ತು, ಈಗಿಲ್ಲ. ಹರಿತ ಕರ್ಮ ಸೇನೆಯ ಹೆಂಗಸರು ಬಂದಾಗ ಪ್ಲಾಸ್ಟಿಕ್ ತೊಳೆದು ಒಣಗಿಸಿ ಕೊಡಬೇಕು ಎಂದು ಮನೆ ಮನೆಗೆ ಹೋಗಿ ಹೇಳಿದವರು ಇವರೇ. ರಾತ್ರಿ ಟ್ಯೂಷನ್ ಮುಗಿಸಿ ಬರುವ ಮಕ್ಕಳಿಗೆ ಬೆಳಕು ಸಿಕ್ಕಿದ್ದೂ ಇವರಿಂದ. ಇದಕ್ಕೆಲ್ಲ ಕೈಮುಗಿಯುತ್ತೇನೆ. ನನ್ನ ಜಗಳ ಇರುವುದು ಆ ಕೊನೆಯ ಸಾಲಿನ ಜೊತೆ. 'ಪರಂಪರೆ' ಎಂಬ ಶಬ್ದದ ಜೊತೆ.

ಸಂಜೆ ಮೀಟಿಂಗಿಗೆ ಹೋದೆ. ಬೋರ್ಡಿನಲ್ಲಿ ಕನ್ನಡವೂ ಇರಲಿ, ಹಳೆಯ ಹೆಸರು ಹಳೆಯ ಹಾಗೆಯೇ ಇರಲಿ ಎಂದೆ. ಒಂದು ನಿಮಿಷ ಮೌನ. ಮತ್ತೆ ಒಂದರ ಹಿಂದೆ ಒಂದು ಉತ್ತರ ಬಂತು. ಯಾರೂ ಸಿಟ್ಟಿನಿಂದ ಹೇಳಲಿಲ್ಲ, ಎಲ್ಲರೂ ನನಗೆ ಬೇಕಾದವರೇ. ಆದರೆ ಆ ಉತ್ತರಗಳು ಒಂದೂ ನಿಲ್ಲುವಂಥದ್ದಲ್ಲ.

ಮೊದಲನೆಯದ್ದು: "ಮಾಷೇ, ಇಲ್ಲಿ ಎಲ್ಲರಿಗೂ ಮಲಯಾಳ ಗೊತ್ತುಂಟಲ್ಲ?"

ಮಾತಾಡಲು ಗೊತ್ತುಂಟು, ಸರಿ. ಓದಲು? ನಮ್ಮ ಪಕ್ಕದ ಮನೆಯ ಅಜ್ಜಿ ಮೀನು ಕೊಳ್ಳುವಾಗ ಚಂದದ ಮಲಯಾಳ ಆಡುತ್ತಾರೆ, ಆದರೆ ಅವರು ಕಲಿತ ಅಕ್ಷರ ಕನ್ನಡ. ಅವರಿಗೆ ಆಸ್ಪತ್ರೆಯ ಚೀಟಿ, ರೇಷನ್ ಅಂಗಡಿಯ ನೋಟೀಸು, ಬಸ್ಸಿನ ಬೋರ್ಡು ಎಲ್ಲ ಇನ್ನೊಬ್ಬರು ಓದಿ ಹೇಳಬೇಕು. ಅವರು ಅನಕ್ಷರಸ್ಥೆ ಅಲ್ಲ. ಊರು ಅವರನ್ನು ಅನಕ್ಷರಸ್ಥೆ ಮಾಡಿತು. ಇನ್ನೊಂದು ವಿಷಯ. ಎಲ್ಲರಿಗೂ ಅರ್ಥವಾದರೆ ಸಾಕು ಎಂದಾದರೆ ಪರಂಪರೆಯ ಮಾತು ಯಾಕೆ? ಅರ್ಥವಾಗಲು ಬಾಣದ ಗುರುತು ಹಾಕಿದರೂ ಸಾಕಲ್ಲ!

ಇದು ನಾನು ಕೇಳುವ ಭಿಕ್ಷೆಯೂ ಅಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನದ ಏಳನೇ ತಿದ್ದುಪಡಿಯಲ್ಲಿ 350ಎ, 350ಬಿ ವಿಧಿಗಳು ಬಂದವು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆ ಬೇಕು, ಅವರ ಹಕ್ಕು ನೋಡಿಕೊಳ್ಳಲು ಒಬ್ಬ ವಿಶೇಷಾಧಿಕಾರಿ ಬೇಕು ಎಂದು ಅವು ಹೇಳುತ್ತವೆ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯಲ್ಲೂ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ವ್ಯವಹರಿಸಬಹುದು ಎಂದಿದೆ. ತಿರುವನಂತಪುರದ ಸರಕಾರಕ್ಕೆ ನಾನು ಕನ್ನಡದಲ್ಲಿ ಕಾಗದ ಬರೆಯಬಹುದು, ಆದರೆ ನನ್ನದೇ ಓಣಿಯ ಬೋರ್ಡನ್ನು ಕನ್ನಡದಲ್ಲಿ ಓದುವ ಹಾಗಿಲ್ಲ. ಇದು ಯಾವ ನ್ಯಾಯ?

ಎರಡನೆಯ ಉತ್ತರ: "ಹೆಸರು ಮಲಯಾಳದಲ್ಲಿ ಬರೆದರೂ ಅರ್ಥ ಒಂದೇ ಅಲ್ಲವಾ?"

ಕಾಸರಗೋಡು ಪೇಟೆಯ ಪಿಲಿಕುಂಜೆಯನ್ನೇ ತೆಗೆದುಕೊಳ್ಳಿ. ಅದನ್ನು ಪುಲಿಕುನ್ನು ಎನ್ನುತ್ತಾರೆ. ಎರಡೂ ಹುಲಿಯ ಗುಡ್ಡೆಯೇ ಎಂದು ವಾದ. ಆದರೆ 'ಪಿಲಿ' ತುಳು ಶಬ್ದ. ಒಂದು ಕಾಲದಲ್ಲಿ ಆ ಗುಡ್ಡೆಯಲ್ಲಿ ಹುಲಿ ಕಂಡು ಹೆದರಿ ಓಡಿದವನು ತುಳುವಿನಲ್ಲಿ ಬೊಬ್ಬೆ ಹಾಕಿದ್ದ ಎಂಬುದಕ್ಕೆ ನಮ್ಮಲ್ಲಿ ಉಳಿದ ಸಾಕ್ಷಿ ಆ ಹೆಸರೊಂದೇ. ಅದನ್ನು ಅಳಿಸಿದರೆ ಹುಲಿಯೂ ಹೋಯಿತು, ಓಡಿದವನೂ ಹೋದ. ತಮಾಷೆ ನೋಡಿ, ಇವತ್ತಿನ ಮಲಯಾಳದಲ್ಲಿ 'ಪುಲಿ' ಎಂದರೆ ಹೆಚ್ಚಾಗಿ ಚಿರತೆ, ಹುಲಿಗೆ 'ಕಡುವ' ಎನ್ನುತ್ತಾರೆ. ಅನುವಾದ ಮಾಡಲು ಹೋಗಿ ನಮ್ಮ ಹುಲಿಯನ್ನು ಚಿರತೆ ಮಾಡಿಟ್ಟರು!

ಹಾಗೆಯೇ ಹೊಸದುರ್ಗ. ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯ ಹೆಸರು. ಪುದಿಯಕೋಟ ಎಂದರೂ ಹೊಸ ಕೋಟೆಯೇ, ಒಪ್ಪಿದೆ. ಆದರೆ ಕಟ್ಟಿಸಿದವರು ಯಾವ ಭಾಷೆಯವರು ಎಂಬ ಗುರುತು ಆ ಎರಡನೇ ಹೆಸರಿನಲ್ಲಿ ಇಲ್ಲ. ನಮ್ಮಲ್ಲಿ ಅಡ್ಕ, ಬೈಲು, ಪದವು ಎಂದು ಮುಗಿಯುವ ಹೆಸರುಗಳೆಷ್ಟು! ಅಡ್ಕ ಎಂದರೆ ಬಟ್ಟಬಯಲು, ಬೈಲು ಎಂದರೆ ತಗ್ಗಿನ ಗದ್ದೆ, ಪದವು ಎಂದರೆ ಗುಡ್ಡದ ಮೇಲಿನ ಮುರಕಲ್ಲಿನ ಹಾಸು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ಹೆಸರೇ ಹೇಳುತ್ತದೆ. ಬೈಲಿನಲ್ಲಿ ಮನೆ ಕಟ್ಟಿ ಮಳೆಗಾಲದಲ್ಲಿ ನೀರು ಒಳಗೆ ಬಂತು ಎಂದು ಅಳುವವರು ಊರಿನ ಹೆಸರನ್ನು ಒಮ್ಮೆ ಓದಿದ್ದರೆ ಸಾಕಿತ್ತು.

ಮಲಯಾಳ ಮಾತಾಡುವವರು ಪುಲಿಕುನ್ನು ಎನ್ನಬಾರದು ಎಂದು ನಾನು ಹೇಳುವುದಿಲ್ಲ. ಅವರ ಬಾಯಿ, ಅವರ ಮಾತು. ಅವರ ಅಜ್ಜನೂ ಹಾಗೆಯೇ ಹೇಳಿರಬಹುದು. ಒಂದು ಊರಿಗೆ ಎರಡು ಹೆಸರಿದ್ದರೆ ಎರಡೂ ಇರಲಿ, ಎರಡೂ ಬೋರ್ಡಿನಲ್ಲಿ ಬರಲಿ. ಸಂಗಮ ಎಂದರೆ ಅದೇ ಅಲ್ಲವೇ? ಒಂದು ಹೊಳೆ ಇನ್ನೊಂದನ್ನು ನುಂಗಿದರೆ ಅದಕ್ಕೆ ಸಂಗಮ ಎನ್ನುವುದಿಲ್ಲ.

ಮೂರನೆಯ ಉತ್ತರ ಸ್ವಲ್ಪ ಜಾಣತನದ್ದು: "ಹೆಸರು ಬದಲಿಸಿದ್ದು ಯಾರು? ಆರ್ಡರ್ ಎಲ್ಲಿದೆ ತೋರಿಸಿ."

2021ರ ಜೂನಿನಲ್ಲಿ ಇದೇ ಆಯಿತು. ಕಾಸರಗೋಡಿನ ಊರುಗಳ ಹೆಸರು ಬದಲಾಗುತ್ತಿದೆ ಎಂದು ಕರ್ನಾಟಕದಿಂದ ಕೂಗೆದ್ದಿತು, ಕಾಗದ ಹೋಯಿತು. ಅಂಥ ಪ್ರಸ್ತಾವವೇ ಇಲ್ಲ ಎಂದು ಕೇರಳ ಸರಕಾರ ಹೇಳಿತು. ಅಲ್ಲಿಗೆ ಎಲ್ಲರೂ ಮನೆಗೆ ಹೋದರು. ಸರಕಾರ ಹೇಳಿದ್ದನ್ನು ನಾನು ನಂಬುತ್ತೇನೆ. ಆರ್ಡರ್ ಇಲ್ಲ, ಇರುವುದು ಬೇಡ ಕೂಡ. ಹೆಸರು ಸಾಯಲು ಆರ್ಡರ್ ಯಾಕೆ ಬೇಕು ಸ್ವಾಮಿ? ಬೋರ್ಡು ಬರೆಯುವ ಪೈಂಟರ್ ಒಬ್ಬ, ಬಸ್ಸಿನ ಕ್ಲೀನರ್ ಒಬ್ಬ, ಆಧಾರ್ ಕಾರ್ಡಿಗೆ ವಿಳಾಸ ಟೈಪ್ ಮಾಡುವ ಹುಡುಗ ಒಬ್ಬ ಸಾಕು. ಮಧೂರಿನ ಬಾಲಕ್ಕೆ ಒಂದು 'ಅಂ' ಸೇರಿಸಿದರೆ ಮಧೂರಂ. ಮಲ್ಲಕ್ಕೆ ಸೇರಿಸಿದರೆ ಮಲ್ಲಂ. ಮಂಜೇಶ್ವರ ಮಂಜೇಶ್ವರಂ ಆಗಿ ಎಷ್ಟು ಕಾಲವಾಯಿತು! ಈಗ ಆ ಸಾಲಿಗೆ ನಮ್ಮ ಬಡಾವಣೆಯ ಅಸೋಸಿಯೇಶನೂ ಸೇರಲು ಹೊರಟಿದೆ. ದುರುದ್ದೇಶದಿಂದ ಅಲ್ಲ, ಅಸಡ್ಡೆಯಿಂದ. ದುರುದ್ದೇಶವಾದರೆ ಎದುರು ನಿಂತು ಹೋರಾಡಬಹುದು. ಅಸಡ್ಡೆಯ ಎದುರು ಎಲ್ಲಿ ನಿಲ್ಲುವುದು?

ಇನ್ನು ಆ ಕಮಾನು. ಅದರ ಹಣದ ಲೆಕ್ಕ ಕೇಳಿ ನನಗೆ ತಲೆ ತಿರುಗಿತು. ಆ ಕಮಾನಿನಿಂದ ಕೂಗಳತೆಯಲ್ಲಿ ಒಂದು ಸುರಂಗ ಉಂಟು. ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ: ನಮ್ಮ ಕಾಸರಗೋಡಿನ ಗುಡ್ಡೆಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುತ್ತಾರೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ದಾರಿ. ಒಳಗೆ ಒಸರಿದ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಬರುತ್ತದೆ. ಕರೆಂಟು ಬೇಡ, ಪಂಪು ಬೇಡ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಇವತ್ತೂ ಸುರಂಗದ ನೀರು ಕುಡಿದು, ಅದೇ ನೀರಿನಲ್ಲಿ ಅಡಿಕೆ ತೋಟ ಉಳಿಸಿಕೊಂಡ ಮನೆಗಳುಂಟು. ನಮ್ಮ ಬಡಾವಣೆಯ ಸುರಂಗದ ಬಾಯಿಗೆ ಮಾತ್ರ ಯಾರೋ ಮನೆ ಒಡೆದ ಮಣ್ಣು, ಕಲ್ಲು ತಂದು ಸುರಿದಿದ್ದಾರೆ. ಏಪ್ರಿಲ್ ಬಂದರೆ ಟ್ಯಾಂಕರ್ ಬರುತ್ತದೆ. ಟ್ಯಾಂಕರಿನ ಹಿಂದೆ ಕೊಡ ಹಿಡಿದು ನಿಂತವರೇ ಪರಂಪರೆಯ ಕಮಾನಿಗೆ ಚಂದಾ ಕೊಡಬೇಕು! ಆ ಮಣ್ಣು ತೆಗೆದು, ಸುರಂಗದ ಬಾಯಿಗೆ ಒಂದು ಕಟ್ಟೆ ಕಟ್ಟಿ, ಅಗೆದವರು ಯಾರು ಎಂದು ಒಂದು ಕಲ್ಲಿನಲ್ಲಿ ಬರೆದರೆ ಅದು ಪರಂಪರೆ. ಸಿಮೆಂಟಿನ ಆನೆ ಎರಡು ನಿಲ್ಲಿಸಿದರೆ ಅದು ಸಿಮೆಂಟು.

ಇಷ್ಟೆಲ್ಲ ಅವರಿಗೆ ಬೈದಾಯಿತು. ಈಗ ನಮ್ಮವರ ಸರದಿ.

ಆ ಮೀಟಿಂಗಿನಲ್ಲಿ ಕನ್ನಡ ಓದಲು ಬರುವವರು ಎಷ್ಟು ಜನ ಇದ್ದರು ಗೊತ್ತೇ? ನಾನು, ಮತ್ತೆ ಚಹಾ ತಂದ ಹುಡುಗ. ಬಡಾವಣೆಯಲ್ಲಿ ಕನ್ನಡದ ಪತ್ರಿಕೆ ಹಾಕಿಸುವ ಮನೆಗಳು ಅದಕ್ಕಿಂತ ಎಷ್ಟೋ ಹೆಚ್ಚು. ಅವರೆಲ್ಲ ಎಲ್ಲಿ? ನವೆಂಬರ್ ಒಂದಕ್ಕೆ ಭಾಷಣ ಕೇಳಲು ಬರುತ್ತಾರೆ. 1967ರ ಮಹಾಜನ ವರದಿ, ಚಂದ್ರಗಿರಿಯ ಉತ್ತರ ದಡ ಕರ್ನಾಟಕಕ್ಕೆ ಸೇರಬೇಕೆಂದ ಆ ವರದಿ, ಅದರ ಹೆಸರು ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ. ಆದರೆ ವಾರ್ಡಿನ ಗ್ರಾಮಸಭೆಗೆ ಬರುವುದಿಲ್ಲ. ಕೇರಳದ ಕಾನೂನಿನಂತೆ ಮೂರು ತಿಂಗಳಿಗೊಮ್ಮೆ ಗ್ರಾಮಸಭೆ ಸೇರಬೇಕು, ನೂರಕ್ಕೆ ಹತ್ತು ಮತದಾರರು ಬಂದರೆ ಕೋರಂ. ಅಲ್ಲಿ ಎದ್ದು ನಿಂತು "ಬೋರ್ಡಿನಲ್ಲಿ ಕನ್ನಡ ಬೇಕು, ಠರಾವು ಬರೆಯಿರಿ" ಎನ್ನಲು ಯಾವ ವರದಿಯೂ ಬೇಡ. ಬಾಯಿ ಇದ್ದರೆ ಸಾಕು.

ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನಪಿಸಿಕೊಳ್ಳಿ. 1915ರಲ್ಲಿ ಹುಟ್ಟಿ 2015ರಲ್ಲಿ ತೀರಿಕೊಂಡ ಹಿರಿಯರು. ಕಾಸರಗೋಡಿನ ಕನ್ನಡಕ್ಕಾಗಿ ಅವರಷ್ಟು ಕೂಗಿದವರಿಲ್ಲ. ಆದರೆ ಅವರು ಕೂಗಿ ಸುಮ್ಮನೆ ಕೂರಲಿಲ್ಲ. ಪೆರಡಾಲದ ಶಾಲೆಯಲ್ಲಿ ಪಾಠ ಹೇಳಿದರು, ತೋಟದಲ್ಲಿ ದುಡಿದರು, ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿ ಊರಿನ ಕೆಲಸ ನೋಡಿದರು. ಕವಿಯಾದವನು ಪಂಚಾಯತಿನ ಕುರ್ಚಿಯಲ್ಲಿ ಕೂತು ದಾರಿ, ನೀರು ಎಂದು ತಲೆ ಕೆಡಿಸಿಕೊಳ್ಳುವುದು ಕಡಿಮೆಯ ಕೆಲಸ ಎಂದು ಅವರಿಗೆ ಅನಿಸಲಿಲ್ಲ. ನಮಗೆ ಮಾತ್ರ ಚರಂಡಿಯ ಮೀಟಿಂಗು ಕಡಿಮೆ, ಕವಿಗೋಷ್ಠಿ ಹೆಚ್ಚು. ಹಾಗಾಗಿಯೇ ಚರಂಡಿಯ ಬೋರ್ಡಿನಲ್ಲಿ ನಮ್ಮ ಭಾಷೆ ಇಲ್ಲ.

ನನ್ನ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಬ್ಯಾರಿ ಆಡುವವರಿದ್ದಾರೆ, ಕೊಂಕಣಿ, ಮಲಯಾಳ ಆಡುವವರೂ ಇದ್ದಾರೆ. ಎಲ್ಲರೂ ಕೂಡಿ ಕನ್ನಡ ಅಕ್ಷರ ಕಲಿಯುತ್ತಾರೆ. ಎರಡನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಹೊಸತಾಗಿ ಬಂದಾಗ ಕಂಡದ್ದೆಲ್ಲ ಓದುವ ಹುಚ್ಚು. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಓದಲು ಒಂದು ಬೋರ್ಡೂ ಸಿಗದಿದ್ದರೆ ಆ ಮಗು ಏನು ತಿಳಿಯಬೇಕು? ಟೀಚರು ಕಲಿಸಿದ ಅಕ್ಷರ ಶಾಲೆಯ ಗೇಟಿನ ಒಳಗೆ ಮಾತ್ರ ನಡೆಯುವ ನಾಣ್ಯ ಎಂದು ತಾನೇ? ಮರುವರ್ಷ ಅಪ್ಪ ಅಮ್ಮ ಬಂದು ಟಿ.ಸಿ. ಕೇಳುತ್ತಾರೆ. ನಾನು ಬರೆದು ಕೊಡುತ್ತೇನೆ.

ಅದಕ್ಕೆ ಅಸೋಸಿಯೇಶನಿಗೆ ನನ್ನ ಮನವಿ ನಾಲ್ಕೇ ನಾಲ್ಕು. ಬೋರ್ಡಿನಲ್ಲಿ ಮಲಯಾಳದ ಜೊತೆ ಕನ್ನಡ ಇರಲಿ. ಹೆಸರು ಬರೆಯುವ ಮೊದಲು ಆ ಓಣಿಯ ಇಬ್ಬರು ಹಿರಿಯರನ್ನು ಕೇಳಿ, ಅವರು ಹೇಳಿದ ಹಾಗೆ ಬರೆಯಿರಿ. ನೋಟೀಸನ್ನು ಎರಡೂ ಭಾಷೆಯಲ್ಲಿ ತನ್ನಿ. ಕಮಾನಿನ ಹಣದಲ್ಲಿ ಮೊದಲು ಸುರಂಗದ ಬಾಯಿ ಬಿಡಿಸಿ. ಕನ್ನಡ ಕರಡು ನಾನು ಬರೆದು ಕೊಡುತ್ತೇನೆ, ತಪ್ಪು ತಿದ್ದುತ್ತೇನೆ, ಬೇಕಾದರೆ ಬ್ರಷ್ಷೂ ಹಿಡಿಯುತ್ತೇನೆ. ಮಾಷ್ಟ್ರಿಗೆ ಬೋರ್ಡು ಬರೆಯುವುದು ಹೊಸತಲ್ಲ.

ನಮ್ಮ ಕನ್ನಡದವರಿಗೆ ಮನವಿ ಒಂದೇ. ಮುಂದಿನ ಭಾನುವಾರ ಸಂಜೆ ಐದಕ್ಕೆ ಮತ್ತೆ ಮೀಟಿಂಗು ಉಂಟು. ಬನ್ನಿ ಮಾರಾಯ್ರೇ. ಕುರ್ಚಿ ಖಾಲಿ ಉಂಟು.